ಎಡಸುತ್ತಿನ ಚಿಕ್ಕಿ ಕೌದಿ

ನನ್ನ ಎಡಗೈ ಕಂಡರೆ ಮಂದಿಗೆ ಯಾಕಷ್ಟು ಸಂಕಟವಾಗುತ್ತಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ಭಾಲ್ಕಿಯ ನಮ್ಮ ಓಣಿಯಲ್ಲಿ ನಾನು ಸಣ್ಣವಳಿದ್ದಾಗ, ಪೇರಲ ಹಣ್ಣಿಗೆ ಎಡಗೈ ಚಾಚಿದರೆ ಕೊಡಲು ಬಂದವರು ಹಣ್ಣನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಉಣ್ಣುವುದು, ವಿಭೂತಿ ಹಚ್ಚಿಕೊಳ್ಳುವುದು, ಹಿರಿಯರಿಗೆ ನೀರಿನ ಚರಿಗೆ ಕೊಡುವುದು, ಇಷ್ಟನ್ನೂ ಬಲಗೈಗೆ ಕಲಿಸಿದೆ. ಸೂಜಿ ಹಿಡಿಯುವುದನ್ನು ಮಾತ್ರ ಅದು ಕಲಿಯಲಿಲ್ಲ. ಅವ್ವ ಒಮ್ಮೆ ನನ್ನ ಎಡಗೈಯನ್ನು ಹಳೆ ಸೀರೆಯ ಚೂರಿನಿಂದ ಸೊಂಟಕ್ಕೆ ಕಟ್ಟಿ ಹೊಲಿಯಲು ಕೂಡಿಸಿದಳು. ನಾನು ಬಲಗೈಯಿಂದ ಆ ಗಂಟು ಬಿಚ್ಚಿ, ಎಡಗೈಗೆ ಸೂಜಿ ತೆಗೆದುಕೊಂಡು ಕೂತೆ. ಹೊಲಿಗೆಯ ವಿಷಯದಲ್ಲಿ ನನ್ನ ಬಲಗೈ ಮಾಡಿದ ಉಪಕಾರ ಅದೊಂದೇ.

ಅವ್ವ ನಕ್ಕುಬಿಟ್ಟಳು. “ಕೈ ಕೊಟ್ಟಾಂವ ಶಿವ. ಅಂವಗ ಎಡ ಬಲ ಗೊತ್ತಿರ್ಲಿಲ್ಲೇನು? ಹೊಲಿ ನಮ್ಮವ್ವಾ, ಹ್ಯಾಂಗ ಬರ್ತದ ಹಾಂಗ ಹೊಲಿ,” ಅಂದಳು.

ಹಾಗೆ ನಾನು ಕೌದಿ ಹೊಲಿಯಲು ಕಲಿತೆ. ನಮ್ಮ ಕಡೆ ಹರಿದ ಬಟ್ಟೆಯನ್ನು ಯಾರೂ ಬಿಸಾಡುತ್ತಿರಲಿಲ್ಲ. ಕೆಳಗೆ ಒಂದು ಹಳೆ ಸೀರೆ ಹಾಸಿ, ಅದರ ಮೇಲೆ ತುಂಡುಗಳನ್ನು ಜೋಡಿಸಿ, ಒಂದು ಮೂಲೆಯಿಂದ ಹೊಲಿಗೆ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿನವರೆಗೆ ಬರುವುದು. ಅವ್ವನ ಕೌದಿಯಲ್ಲಿ ಚಿಕ್ಕಿ ಇರುತ್ತಿದ್ದವು. ನಡುವೆ ಒಂದು ಚೌಕ, ಅದರ ನಾಲ್ಕು ಬದಿಗೆ ಜೋಡಿ ಜೋಡಿಯಾಗಿ ಮೂರು ಮೂಲೆಯ ತುಂಡು. ಎಂಟು ಕೋಡು ಚಾಚಿದ ನಕ್ಷತ್ರ. ಬಟ್ಟೆ ಸಿಕ್ಕಾಗ ಒಂದೊಂದೇ ಚಿಕ್ಕಿ ಮಾಡಿ ಪೆಟ್ಟಿಗೆಯಲ್ಲಿಟ್ಟು, ಸಾಕಷ್ಟು ಸೇರಿದ ಮೇಲೆ ಒಂದು ಕೌದಿಗೆ ಕೂಡಿಸುತ್ತಿದ್ದಳು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಮುಂದಿನ ಜಗಳವೆಲ್ಲ ಅದರದ್ದೇ. ಬಲಗೈಯವರು ಅಂಚನ್ನು ಮಡಿಲಿಗೆ ಎಳೆದುಕೊಂಡು ಬಲದಿಂದ ಎಡಕ್ಕೆ ಹೊಲಿಯುತ್ತಾರೆ. ಆಗ ಹೊಲಿಗೆ ಗುಡಿ ಸುತ್ತಿದ ಹಾಗೆ, ಆರತಿ ಬೆಳಗಿದ ಹಾಗೆ ಬಲಸುತ್ತು ಬರುತ್ತದೆ. ನಾನು ಹೊಲಿದರೆ ತಿರುವುಮುರುವು, ಎಡಸುತ್ತು. ಅವ್ವನ ಮನೆಯಲ್ಲಿ ಇದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ನನ್ನನ್ನು ಬೀದರಿಗೆ ಮದುವೆ ಮಾಡಿಕೊಟ್ಟ ಮೇಲೆ ಅತ್ತೆ ದೊಡ್ಡದು ಮಾಡಿದರು.

ಅತ್ತೆ ಕೆಟ್ಟವರಲ್ಲ, ಅದನ್ನೂ ಹೇಳುತ್ತೇನೆ. ಬೀದರಿನ ಕೋಟೆಯ ದಿಬ್ಬದ ಮೇಲಿನ ಚಳಿಗೆ ನನಗೆ ನಡುಕ ಬಂದರೆ ತಮ್ಮ ಕಂಬಳಿ ತಂದು ಹೊಚ್ಚುತ್ತಿದ್ದರು. ಬಾಯಿ ಮಾತ್ರ ಹಸಿಮೆಣಸಿನಕಾಯಿ. ನನ್ನದೇನು ಸಕ್ಕರೆಯೇ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿತ್ತು ನಮ್ಮಿಬ್ಬರ ಸಂಸಾರ. ನಡುವೆ ನನ್ನ ಗಂಡ ಬಾಯಿಯಲ್ಲಿ ಅಡಿಕೆ ಹಾಕಿಕೊಂಡು ಬೆಲ್ಲದ ಅಡತಿ ಅಂಗಡಿಗೆ ಹೋಗಿಬಿಡುತ್ತಿದ್ದರು.

ಚೊಚ್ಚಲ ಕೂಸು ಗಂಡು. ಭಾಲ್ಕಿಯಲ್ಲಿ ಹೆತ್ತು, ನಾನೇ ಹೊಲಿದ ಕೌದಿಯಲ್ಲಿ ಸುತ್ತಿಕೊಂಡು, ಐದು ತಿಂಗಳು ತುಂಬಿದ ಮೇಲೆ ಬೀದರಿಗೆ ಕರೆತಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು. ಹಕೀಮರು ಬಂದರು, ಮಠದ ಅಯ್ಯನವರು ಬಂದರು, ಕೂಸು ಉಳಿಯಲಿಲ್ಲ. ಅದನ್ನು ಅದೇ ಕೌದಿಯಲ್ಲೇ ಸುತ್ತಿ ಮಣ್ಣಿಗೆ ಒಯ್ದರು. ಗಂಡಸರು ತಿರುಗಿ ಬಂದು ಕಾಲು ತೊಳೆದುಕೊಳ್ಳುವಾಗ ಅತ್ತೆ ಅಂದರು: “ಎಡಸುತ್ತು. ಎಡಸುತ್ತೇ ನುಂಗ್ತು ಕೂಸಿನ್ನ.”

ನನ್ನ ಎದೆಯಲ್ಲಿ ಹಾಲು ಇನ್ನೂ ಇಂಗಿರಲಿಲ್ಲ. ಗಾಯದ ಮೇಲೆ ಬರೆ ಎಳೆದರು. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ಎಂಥದೆಂದರೆ, ಅಳು ಕೂಡ ಅದಕ್ಕೆ ಹೆದರಿ ನಿಂತುಹೋಯಿತು.

ಅದೇ ಚಳಿಗಾಲ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಔರಾದಿನ ಹೊಲಕ್ಕೆ ಹೋದೆವು. ಮಾವನವರ ಜಮೀನು ಅಲ್ಲಿತ್ತು. ವರ್ಷಕ್ಕೊಮ್ಮೆ ಬಂಡಿ ಕಟ್ಟಿಕೊಂಡು ಹಿಂದಿನ ದಿನವೇ ಹೊರಡುವುದು ರೂಢಿ. ತೆನೆ ಕಟ್ಟಿದ ಜೋಳ, ಕಡಲೆ, ನೀಲಿ ಹೂವಿನ ಅಗಸಿ. ಜೋಳದ ದಂಟಿನಿಂದ ಕಟ್ಟಿದ ಗುಡಿಸಲಿನಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಎಲ್ಲರೂ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿರೊಟ್ಟಿ, ಅಂಬಲಿಗೆ ಕೂತೆವು. ಪಕ್ಕದ ಹೊಲದ ಹೆಂಗಸೊಬ್ಬಳು ನನ್ನ ಬರಿದಾದ ಮಡಿಲು ನೋಡಿ ಲೊಚಗುಟ್ಟಿದಳು. ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಮುಂದಿನ ಕೂಸಿಗಿ ನಾನೇ ಕೌದಿ ಹೊಲೀತೀನಿ. ಇಕಿ ಎಡಗೈ ಸೂಜಿ ತೊಟ್ಟಲದ ಹತ್ರ ಸುಳೀಬಾರದು.”

ಕೈಯಲ್ಲಿದ್ದ ಭಜ್ಜಿಯ ತುತ್ತನ್ನು ತಿರುಗಿ ಎಲೆಗೆ ಹಾಕಿದೆ. ಎದ್ದು ಬಂಡಿಯ ನೆರಳಿಗೆ ಹೋದೆ. ನಾನು ಉಟ್ಟದ್ದು ಕರಿ ಚಂದ್ರಕಾಳಿ ಸೀರೆ, ಚೊಚ್ಚಲ ಬಸಿರಿನಲ್ಲಿ ಉಡಿಸಿದ್ದು. ಸೆರಗಿನ ಕೊನೆ ಸವೆದು ಜಾಲರಿಯಾಗಿತ್ತು. ಅದನ್ನು ಚರ್‍ರನೆ ಹರಿದೆ. ಸೂಜಿ ಯಾವಾಗಲೂ ನನ್ನ ಕುಬುಸದಲ್ಲಿ ಚುಚ್ಚಿಕೊಂಡೇ ಇರುತ್ತಿತ್ತು. ಅಲ್ಲೇ ಕೂತು ಮೊದಲ ಚಿಕ್ಕಿಯ ಎಂಟು ಕೋಡು ಕತ್ತರಿಸಿಟ್ಟುಕೊಂಡೆ. ಮನಸ್ಸಿನಲ್ಲಿ ಹೇಳಿಕೊಂಡೆ: ಕಾಲಕ್ಕೊಂದು ಚಿಕ್ಕಿ ಮಾಡುತ್ತೇನೆ. ವರ್ಷ ತುಂಬಿದಾಗ ಕೌದಿ ಕೂಡಿಸುತ್ತೇನೆ. ಈ ಎಡಗೈಯಿಂದಲೇ ಸುತ್ತು ಹೊಲಿಯುತ್ತೇನೆ. ನನ್ನ ಮುಂದಿನ ಕೂಸು ಅದನ್ನೇ ಹೊಚ್ಚಿಕೊಳ್ಳಬೇಕು, ಅತ್ತೆಯೇ ಅದರ ಹೊಟ್ಟೆ ತುಂಬಿಸಬೇಕು.

ಹೊಟ್ಟೆ ತುಂಬಿಸುವುದು ಎಂದರೆ ನಮ್ಮಲ್ಲಿನ ಪದ್ಧತಿ. ಸುತ್ತು ನಡುವಿಗೆ ಬಂದಾಗ ಬೆರಳು ಹೋಗುವಷ್ಟು ಜಾಗ ಬಿಟ್ಟು, ಮನೆಯ ಹಿರಿಯ ಹೆಂಗಸಿನ ಕೈಯಿಂದ ನಾಲ್ಕು ಕಾಳು ಜೋಳ ಹಾಕಿಸಿ ಮುಚ್ಚಬೇಕು. ಕಾಳು ಹಾಕದ ಕೌದಿ ಹಸಿದ ಕೌದಿ. ಹಸಿದ ಕೌದಿಯನ್ನು ಯಾರ ಮೈಮೇಲೂ ಹಾಕಬಾರದು. ನಾನೇ ಕದ್ದು ಹಾಕಿಕೊಳ್ಳಬಹುದಿತ್ತು. ಛೆ, ಅದರಲ್ಲಿ ಗೆದ್ದ ಹಾಗೇನಾಯಿತು?

ಚಳಿಗಾಲದ ಕರಿ ಚಿಕ್ಕಿ ಹಾಗೆ ಹುಟ್ಟಿತು. ಯುಗಾದಿ ಹೊತ್ತಿಗೆ ನನ್ನ ಗಂಡನ ಹಳೆ ಧೋತರ ಕೈಗೆ ಬಂತು, ತೊಳೆದು ತೊಳೆದು ಬೆಣ್ಣೆಯಂತಾಗಿತ್ತು. ಅದರಿಂದ ಬೇಸಿಗೆಯ ಬಿಳಿ ಚಿಕ್ಕಿ ಮಾಡಿದೆ. ಅತ್ತೆ ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತಾ ಕೂತವರು ವಾರೆಗಣ್ಣಿನಿಂದ ನೋಡಿದರು.

“ಏನ್ ಹೊಲ್ಲಾಕತ್ತೀ?”

“ಚಿಕ್ಕಿ ರಿ.”

“ಚಿಕ್ಕಿ ಬೇಕಾದಷ್ಟು ಮಾಡ್ಕೋ. ಸುತ್ತು ನಾ ಹಾಕ್ತೀನಿ.”

“ಸುತ್ತೂ ನಾನೇ ಹಾಕ್ತೀನ್ರಿ.”

“ಹಟಮಾರಿ!”

“ನಿಮ್ಮ ಮನಿ ಉಪ್ಪು ರಿ,” ಅಂದೆ. ಅವರಿಗೆ ನಗು ಬಂತು. ಆದರೆ ನಕ್ಕರೆ ಸೋತ ಹಾಗೆ ಅಂತ ಮುಖ ಆಚೆ ತಿರುಗಿಸಿದರು.

ಕಾರಹುಣ್ಣಿಮೆಗೆ ಔರಾದಿನಿಂದ ಬಂದ ನಮ್ಮ ಹೊಲದಾಳು ಎತ್ತಿನ ಬೆನ್ನಿಗೆ ಹೊದಿಸುವ ಝೂಲದ ಕೆಂಪು ಚೂರು ತಂದುಕೊಟ್ಟ. ಎತ್ತಿನ ಬೆವರಿನ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ, ಇರಲಿ ಅಂತ ಬಿಟ್ಟೆ. ಅದು ಮೊದಲ ಮಳೆಯ ಚಿಕ್ಕಿ. ಅಷ್ಟರಲ್ಲಿ ನಾನು ಮತ್ತೆ ಬಸಿರಾಗಿದ್ದೆ. ಅತ್ತೆ ನನ್ನ ಕೈಯಿಂದ ಬಿಂದಿಗೆ ಕಸಿದುಕೊಂಡರು, ಬಾವಿಗೆ ಹೋಗಗೊಡಲಿಲ್ಲ, ಮಾವಿನಕಾಯಿ ತರಿಸಿ ಉಪ್ಪು ಹಚ್ಚಿ ಕೊಟ್ಟರು. ಮತ್ತು ಅದೇ ವಾರ ಒಂದು ಹಸಿರು ಸೀರೆ ಹಾಸಿಕೊಂಡು ತಮ್ಮ ಕೌದಿ ಶುರುಮಾಡಿದರು. ಬಲಸುತ್ತು. ಒಂದೇ ಪಡಸಾಲೆ, ಎರಡು ಕೌದಿ, ಬೆನ್ನಿಗೆ ಬೆನ್ನು.

ಪಂಚಮಿಗೆ ಅವ್ವ ಭಾಲ್ಕಿಗೆ ಕರೆಸಿಕೊಂಡು ಬಸಿರಿಗೆ ಮಾಡುವ ಕುಬುಸದ ಶಾಸ್ತ್ರ ಮಾಡಿದಳು. ಹಸಿರು ಬಳೆ ತೊಡಿಸಿ, ಉಂಡಿ ತಿನ್ನಿಸಿ, ಸಂಜೆ ಜೋಕಾಲಿಯ ಹತ್ತಿರ ನನ್ನನ್ನು ಕೂಡಿಸಿಕೊಂಡು ನಿಧಾನಕ್ಕೆ ಹೇಳಿದಳು:

“ಹಟ ಬಿಡು ತಾಯಿ. ಆಕಿ ಮನಸ್ಸಿಗಿ ಸಮಾಧಾನ ಆಗ್ತದಂದ್ರ ಬಲಗೈಲೆ ಹೊಲದು ನೋಡು. ಕೂಸಿನಕಿಂತ ಕೈ ದೊಡ್ಡದೇನು?”

ಅವ್ವನ ಬಾಯಿಂದ ಆ ಮಾತು ಬಂದಾಗ ನನಗೆ ನಿಜವಾಗಿ ನೋವಾಯಿತು. ಆದರೆ ಆಕೆಯ ಕಣ್ಣಲ್ಲಿ ಹೆದರಿಕೆ ಇತ್ತು, ಅದನ್ನು ನೋಡಲಾಗಲಿಲ್ಲ. ನಾನು ಹುಡುಗಿಯಾಗಿದ್ದಾಗ ತೊಡುತ್ತಿದ್ದ ಖಣದ ಲಂಗ ಬಿಚ್ಚಿ, ಬಲಗೈಯಿಂದ ಒಂದು ಚಿಕ್ಕಿ ಹೊಲಿದೆ. ಬೆರಳೆಲ್ಲ ಚುಚ್ಚಿಕೊಂಡು ರಕ್ತ. ಒಂದು ಕೋಡು ಮೇಲಕ್ಕೆ, ಒಂದು ಕೆಳಕ್ಕೆ, ಹೊಲಿಗೆ ಕೋಳಿ ಕೆದರಿದ ಹಾಗೆ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ನಾನು ದಾರ ಬೈದೆ, ಸೂಜಿ ಬೈದೆ, ಕೊನೆಗೆ ಬಲಗೈಯನ್ನೇ ಬೈದೆ. ಅದನ್ನು ಬಿಚ್ಚಲು ಮಾತ್ರ ಮನಸ್ಸಾಗಲಿಲ್ಲ. ಕುಂಟ ಚಿಕ್ಕಿ ಎಂದು ಹೆಸರಿಟ್ಟು ಪೆಟ್ಟಿಗೆಗೆ ಹಾಕಿದೆ. ಬೀದರಿಗೆ ಮರಳುವ ಬಂಡಿಯಲ್ಲಿ ಸೂಜಿ ಮತ್ತೆ ಎಡಗೈಗೆ ಬಂತು.

ಆ ವರ್ಷ ಮೊಹರಂ ಮಳೆಗಾಲದ ಕೊನೆಗೆ ಬಂದಿತ್ತು. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದದ್ದು ದರ್ಜಿಯವರ ಮನೆ. ದರ್ಜಿಯ ಹೆಂಡತಿಯನ್ನು ನಾವೆಲ್ಲ ಖಾಲಾ ಅನ್ನುತ್ತಿದ್ದೆವು. ನನ್ನ ಚಿಕ್ಕಿಗಳನ್ನು ನೋಡಿ ಆಕೆ ಹಸಿರು ಬಟ್ಟೆಯ ಚೂರು ತಂದಳು, ಶೇರವಾನಿ ಹೊಲಿದುಳಿದ ಕಂದು ತುಂಡುಗಳನ್ನು ತಂದಳು. “ಬಚ್ಚಾ ಚಂದ ಇರ್ಲಿ ಬೇಟಿ. ಕೈ ಯಾವ್ದಾದ್ರೇನು, ದುವಾ ಒಂದೇ ಅದ,” ಅಂದಳು. ಅವೆರಡೂ ಚಿಕ್ಕಿಯಾಗಿ ಕೂತ ಮೇಲೆ ನನ್ನ ಕೌದಿಗೆ ಮೈ ತುಂಬಿತು.

ದಸರೆಯಲ್ಲಿ ಎಲ್ಲವನ್ನೂ ಒಂದು ಹಳೆ ಸೀರೆಯ ಮೇಲೆ ಹಾಸಿ ಸುತ್ತು ಶುರುಮಾಡಿದೆ. ತುಂಬಿದ ಹೊಟ್ಟೆ ಅಡ್ಡ ಬರುತ್ತಿತ್ತು, ಕೌದಿಯನ್ನು ಪಕ್ಕಕ್ಕೆ ಸರಿಸಿಕೊಂಡು ಹೊಲಿದೆ. ಅತ್ತೆ ನೋಡಿದರು, ಸೂಜಿಗೆ ದಾರ ಪೋಣಿಸಿಕೊಂಡು ತಮ್ಮ ಹಸಿರು ಕೌದಿಗೆ ಕೂತರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ದೀಪಾವಳಿಗೆ ಮುಂಚೆ ಸುತ್ತು ನಡುವಿಗೆ ಬಂತು. ಬೆರಳಷ್ಟು ಜಾಗ ಬಿಟ್ಟು ಅವರ ಮುಂದೆ ಹಿಡಿದೆ.

“ಅತ್ತೀ, ಕಾಳು ಹಾಕ್ರಿ.”

“ನನ್ನ ಕೈಲೆ ಆಗಂಗಿಲ್ಲ.” ಎದ್ದು ಒಲೆಯ ಕಡೆ ಹೋದರು.

ಹೆಣ್ಣು ಕೂಸು ಹುಟ್ಟಿತು. ಬಾಣಂತನ ಅತ್ತೆಯೇ ಮಾಡಿದರು, ನನ್ನ ಅವ್ವ ಕೂಡ ಹಾಗೆ ಮಾಡುತ್ತಿರಲಿಲ್ಲ. ಎಣ್ಣೆ, ನೀರು, ಹೊಗೆ, ಖಾರ, ಒಂದಕ್ಕೂ ಕುಂದಿಲ್ಲ. ತೊಟ್ಟಿಲಲ್ಲಿ ಅವರ ಹಸಿರು ಕೌದಿ. ನನ್ನದು ಪೆಟ್ಟಿಗೆಯಲ್ಲಿ ಹಸಿದುಕೊಂಡು ಮಲಗಿತ್ತು. ಮಗಳು ನಗುವುದನ್ನು ನೋಡಿ ಸಂತೋಷ, ಮೈಮೇಲಿನ ಕೌದಿ ನೋಡಿ ಉರಿ. ಎರಡೂ ಒಟ್ಟಿಗೆ ಆಗುತ್ತಿದ್ದವು.

ಕಾರ್ತಿಕ ಕಳೆದ ಮೇಲೆ ಒಂದು ದಿನ ಪೆಟ್ಟಿಗೆಯ ವಾಸನೆ ಹೋಗಲೆಂದು ನನ್ನ ಕೌದಿಯನ್ನು ಖಾಲಾನ ಮನೆಯ ಕಡೆಯ ಕೆಂಪು ಕಲ್ಲಿನ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದೆ. ಚಿಕ್ಕಿಗಳ ಬಣ್ಣ ಬಿಸಿಲಿಗೆ ಮಾಸದಿರಲಿ ಎಂದು ಹಿಂಬದಿ ಮೇಲೆ ಮಾಡಿದ್ದೆ. ಹೊರಗಿನಿಂದ ಬಂದ ಅತ್ತೆ ಅಲ್ಲಿ ನಿಂತರು. ಮೂಲೆಯ ಗಂಟು ಹುಡುಕಿ, ದಾರದ ಗುಂಟ ಬೆರಳಾಡಿಸಿದರು. ಆಮೇಲೆ ನನ್ನನ್ನು ಕೂಗಿದರು.

“ಬಾ ಇಲ್ಲಿ. ಖಾಲಾನ ಕೌದಿ ನೋಡು. ಬಲಸುತ್ತು ಹ್ಯಾಂಗ ನೆಟ್ಟಗ ನಡದದ! ಸಾಬರ ಹೆಂಗಸಿಗಿ ಗೊತ್ತದ, ನಿನಗ ಗೊತ್ತಿಲ್ಲ. ಇಂಥಾದ್ರಾಗ ಕೂಸಿನ್ನ ಮಲಗಿಸ್ಬೇಕು.”

ನಾನು ಹತ್ತಿರ ಹೋದೆ. ಕೌದಿಯ ತುದಿ ಹಿಡಿದು ಗೋಡೆಯ ಮೇಲೇ ಹೊರಳಿಸಿದೆ. ಕರಿ, ಬಿಳಿ, ಕೆಂಪು, ಹಸಿರು, ಕಂದು, ನಡುವೆ ಕುಂಟ ಚಿಕ್ಕಿ. ಎಡಸುತ್ತಿನ ಹೊಲಿಗೆ ಹಿಂಬದಿಯಿಂದ ನೋಡಿದರೆ ಬಲಸುತ್ತು. ವರ್ಷಗಟ್ಟಲೆ ಸೂಜಿ ಹಿಡಿದ ನನಗೂ ಆ ಕ್ಷಣದವರೆಗೆ ಅದು ಹೊಳೆದಿರಲಿಲ್ಲ. ಗೋಡೆಯಾಚೆ ಖಾಲಾ ಕಿಸಕ್ಕನೆ ನಕ್ಕದ್ದು ಕೇಳಿತು.

ಅತ್ತೆಯ ಮುಖ ಕೆಂಪಗಾಯಿತು. ಇನ್ನೊಬ್ಬರಾಗಿದ್ದರೆ ಸೋತೆ ಅನ್ನುತ್ತಿದ್ದರು. ಇವರು ಸೆರಗು ಕೊಡವಿಕೊಂಡು ಅಂದರು: “ಹಂಗಾರ ಚಿಕ್ಕಿ ಕೆಳಗ ಮಾಡಿ ಹಾಸು. ನಾ ಬ್ಯಾಡ ಅನ್ನಂಗಿಲ್ಲ. ಕಾಳೂ ಹಾಕ್ತೀನಿ.”

“ಚಿಕ್ಕಿ ನೆಲ ನೋಡ್ಲಾಕ ಮಾಡಿಲ್ರಿ ನಾ,” ಅಂದೆ. ಕೌದಿ ಮಡಚಿ ಒಳಗೆ ಒಯ್ದೆ. ನನ್ನ ಗಂಡ ಆ ರಾಜಿಗೆ ಒಪ್ಪಿಕೋ ಎಂದು ಕಣ್ಣಲ್ಲೇ ಬೇಡಿಕೊಂಡರು. ಅವರಿಗೂ ಅದೇ ಮಾತು ಹೇಳಿದೆ.

ಮತ್ತೆ ಎಳ್ಳಮಾಸಿ ಬಂತು. ಔರಾದಿಗೆ ಬಂಡಿ ಕಟ್ಟಿದೆವು. ಮಗಳು ಅತ್ತೆಯ ತೊಡೆಯ ಮೇಲೆ, ಹಸಿರು ಕೌದಿಯಲ್ಲಿ. ನನ್ನ ಕೌದಿಯನ್ನು ಬುಟ್ಟಿಯ ತಳದಲ್ಲಿಟ್ಟಿದ್ದೆ. ಯಾಕೆ ತಂದೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಉತ್ತರ ತಯಾರಿತ್ತು. ಹೊಲ ಮುಟ್ಟಿ ಪೂಜೆಯಾಗಿ ಗಂಡಸರು ಹೊಲದ ಸುತ್ತ ಚರಗ ಚೆಲ್ಲಲು, ಭೂತಾಯಿಗೆ ಎಡೆಯ ಅನ್ನ ತೂರಲು, ಹೋದರು. ಜೋಳದ ದಂಟಿನ ಗುಡಿಸಲಿನಲ್ಲಿ ನಾವಿಬ್ಬರೇ, ನಡುವೆ ಕೂಸು. ಗಾಳಿ ಕೊರೆಯುತ್ತಿತ್ತು. ಅಷ್ಟರಲ್ಲಿ ಮಗಳು ತನ್ನ ಕೆಲಸ ಮಾಡಿದಳು. ಹಸಿರು ಕೌದಿ ಒದ್ದೆ ಮುದ್ದೆ.

ನಾನು ಕೂಸನ್ನು ಎತ್ತಿ ಸೆರಗಿನೊಳಗೆ ಎದೆಗೆ ಒತ್ತಿಕೊಂಡೆ. ಅತ್ತೆ ಬುಟ್ಟಿಯ ಕಡೆ ನೋಡಿದರು.

“ತಗಿ ಅದನ್ನ.”

“ಅದು ಹಸದದ ರಿ. ಹಸದ ಕೌದಿ ನನ್ನ ಕೂಸಿನ ಮ್ಯಾಲ ನಾ ಹೊಚ್ಚಂಗಿಲ್ಲ.”

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬುಟ್ಟಿಯಿಂದ ತಾವೇ ಕೌದಿ ತೆಗೆದು, ಚಿಕ್ಕಿ ಮೇಲೆ ಮಾಡಿ ಮಡಿಲಲ್ಲಿ ಹರಡಿಕೊಂಡರು. ಒಂದೊಂದೇ ಚಿಕ್ಕಿಯ ಮೇಲೆ ಕೈ ಆಡಿಸುತ್ತಾ ಹೋದರು. ಕುಂಟ ಚಿಕ್ಕಿಯ ಮೇಲೆ ಕೈ ನಿಂತಿತು.

“ಇದು ಬಲಗೈದು, ಹೌದಿಲ್ಲ?”

“ಹೌದ್ರಿ.”

“ನನ್ನ ಸಲುವಾಗಿ ಹೊಲದಿ?”

“ಹೌದ್ರಿ.”

ಅತ್ತೆ ತಲೆ ಎತ್ತಲಿಲ್ಲ. “ನಾ ಮೂರು ಹಡದು ಮಣ್ಣಿಗಿ ಕೊಟ್ಟೀನಿ. ನಿನ್ನ ಗಂಡಗಿಂತ ಮದಲ. ಮೂರೂ ಬಲಸುತ್ತಿನ ಕೌದ್ಯಾಗೇ ಮಲಗಿದ್ವು. ನಮ್ಮತ್ತಿ ತನ್ನ ಕೈಲೆ ಹೊಲದ ಕೌದಿ. ಒಂದು ಹೊಲಿಗಿ ತಪ್ಪಿರ್ಲಿಲ್ಲ.”

ಈ ಮೂರು ಕೂಸುಗಳ ಮಾತು ನಾನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ನನ್ನ ಗಂಡನಿಗೂ ಗೊತ್ತಿತ್ತೋ ಇಲ್ಲವೋ.

“ಮತ್ತ ನನಗ್ಯಾಕ ಅಂದ್ರಿ?” ಕೇಳಿಯೇ ಬಿಟ್ಟೆ.

“ಯಾರಿಗರ ಅನ್ಬೇಕಾಗಿತ್ತವ್ವ. ನನಗ ನಮ್ಮತ್ತಿ ಅಂದಿದ್ಲು, ನಿನ್ನ ಕಾಲ್ಗುಣಾ ಅಂತ. ನನ್ನ ಕೈಗಿ ನೀ ಸಿಕ್ಕಿ.”

ವರ್ಷವಿಡೀ ಗೆಲ್ಲಬೇಕೆಂದು ಹೊಲಿದವಳು ನಾನು. ಈಗ ಗೆದ್ದ ಹಾಗೆ ಒಂದಿಷ್ಟೂ ಅನ್ನಿಸಲಿಲ್ಲ.

ಅತ್ತೆ ಗುಡಿಸಲಿನ ದಂಟಿನಿಂದ ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿದರು. ಹೊಟ್ಟು ಊದಿ, ಹಾಲುಗಾಳು ಆರಿಸಿಕೊಂಡರು. ಕೌದಿಯ ನಡುವಿನ ಬಾಯಿಗೆ ಒಂದೊಂದಾಗಿ ಹಾಕಿದರು.

“ಇದು ಒಂದು. ಇದು ಒಂದು. ಇದು ಒಂದು. ಮೂರೂ ನನ್ನವು.” ಇನ್ನೊಂದು ಕಾಳು ಹಿಡಿದರು. “ಇದು ನಿಂದು. ನಿನ್ನ ಮಗಂದು.”

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮಗ ಹೋದ ದಿನ ನಿಂತ ಅಳು ಆಗ ಬಂತು. ಅವರು ತಡೆಯಲಿಲ್ಲ, ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಎದೆಗೆ ಒತ್ತಿಕೊಂಡರು.

“ಸೂಜಿ ತಂದೀಯೋ ಇಲ್ಲೋ?”

“ತಂದೀನ್ರಿ.”

“ಮುಚ್ಚು ಮತ್ತ. ನಿನ್ನ ಕೈಲೇ.”

ಎಡಗೈಯಿಂದ ಮುಚ್ಚಿದೆ. ದಾರ ಹಲ್ಲಿನಿಂದ ಕಡಿದೆ. ಅತ್ತೆ ಕೂಸನ್ನು ಒಣಗಿದ ಹುಲ್ಲಿನ ಮೇಲೆ ಮಲಗಿಸಿ, ಕೌದಿ ಕೊಡು ಎಂದು ಕೈ ಚಾಚಿದರು. ಕಣ್ಣೊರೆಸಿಕೊಳ್ಳುತ್ತಲೇ ನನಗೆ ತುಂಟತನ ಬಂತು.

“ಚಿಕ್ಕಿ ಕೆಳಗ ಮಾಡ್ಲೇನ್ರಿ?”

“ಯಾಕ? ನನ್ನ ಮೊಮ್ಮಗಳು ಚಿಕ್ಕಿ ನೋಡೂದು ಬ್ಯಾಡೇನು?” ಅಂದು, ಚಿಕ್ಕಿ ಮೇಲೆ ಮಾಡಿ ಹೊಚ್ಚಿ, ಅಂಚನ್ನು ಕೂಸಿನ ಕಾಲಡಿ ಸೇರಿಸಿದರು. ಆಮೇಲೆ ಕೌದಿಯ ನಡುವೆ, ಕಾಳು ಇದ್ದಲ್ಲಿ, ಅಂಗೈ ಊರಿಕೊಂಡು ಕೂತರು. ಗಂಡಸರು ಚರಗ ಚೆಲ್ಲಿ ಬಂದು ಉಣ್ಣಲು ಕರೆದರೂ ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ.